ಸೇನಾ ಮೆಡಲ್ ಬೇರೆ, ಸೈನ್ಯ ಸೇವಾ ಮೆಡಲ್ ಬೇರೆ

ಮಾನ್ಯ ಸಂಪಾದಕರೇ,

ಸೇನೆಯಿಂದ ನಿವೃತ್ತರಾಗಿ ಊರಿಗೆ ಮರಳುವವರನ್ನು ಬಸ್ ಸ್ಟ್ಯಾಂಡಿನಿಂದ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ ಮನೆ ಮುಟ್ಟಿಸುವ ಪದ್ಧತಿ ಈಗ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲೂ ಇದೆ, ಘಟ್ಟದ ಮೇಲೂ ಇದೆ. ಚೆಂದದ ಪದ್ಧತಿಯೇ. ಮರುದಿನ ಪತ್ರಿಕೆಗಳಲ್ಲಿ ಹಾರ ಹಾಕಿದ ಫೋಟೊ, ಕೆಳಗೆ ನಾಲ್ಕು ಸಾಲು. ಆ ನಾಲ್ಕರಲ್ಲಿ ಒಂದು ಸಾಲು ಮಾತ್ರ ಹೆಚ್ಚಿನ ಸಲ ತಪ್ಪಿರುತ್ತದೆ: 'ಇವರು ಶೌರ್ಯಕ್ಕಾಗಿ ಏಳು ಪದಕ ಪಡೆದಿದ್ದಾರೆ.' ಎದೆಯ ಮೇಲೆ ಏಳು ಪದಕ ಇರುವುದು ನಿಜ. ಅವು ಶೌರ್ಯದ್ದು ಎಂದು ಬರೆದವರು ಯಾರನ್ನೂ ಕೇಳಿರುವುದಿಲ್ಲ.

ಇಪ್ಪತ್ತನಾಲ್ಕು ವರ್ಷ ದುಡಿದು ಈಚೆಗೆ ಬಂದ ಒಬ್ಬ ಹವಾಲ್ದಾರರ ಎದೆಸಾಲನ್ನೇ ತೆಗೆದುಕೊಳ್ಳಿ. ಒಂಬತ್ತು ವರ್ಷದ ದೀರ್ಘ ಸೇವಾ ಮೆಡಲ್, ಇಪ್ಪತ್ತು ವರ್ಷದ್ದು, 2022ರ ಆಗಸ್ಟ್ 15ರಂದು ಸೇವೆಯಲ್ಲಿದ್ದುದಕ್ಕೆ ಸ್ವಾತಂತ್ರ್ಯದ 75ನೇ ವರ್ಷದ ಪದಕ, ಗಡಿಯ ಕಷ್ಟದ ಪ್ರದೇಶದಲ್ಲಿದ್ದುದಕ್ಕೆ ಸೈನ್ಯ ಸೇವಾ ಮೆಡಲ್, ಲಡಾಖಿನಂಥ ಎತ್ತರದಲ್ಲಿದ್ದುದಕ್ಕೆ ಉಚ್ಚ ತುಂಗತಾ ಮೆಡಲ್, ವಿಶ್ವಸಂಸ್ಥೆಯ ಪಡೆಯಲ್ಲಿ ಹೋಗಿದ್ದರೆ ವಿದೇಶ ಸೇವಾ ಮೆಡಲ್. ಆರು ಇಲ್ಲೇ ಆದವು. ಇವುಗಳಲ್ಲಿ ಒಂದೂ ಶೌರ್ಯ ಪದಕವಲ್ಲ. ಹಾಗೆಂದು ಹಗುರವೂ ಅಲ್ಲ: ಎಷ್ಟು ದಿನ, ಯಾವ ಜಾಗ, ಯಾವ ತಾರೀಖು ಎಂಬ ಲೆಕ್ಕಕ್ಕೆ ಸರಿಯಾಗಿ ಗಳಿಸಿದವು. ಅದನ್ನು ಶೌರ್ಯ ಎಂದು ಬರೆದಾಗ ನಿಜವಾಗಿ ಗಳಿಸಿದ್ದು ಯಾವುದು ಎಂಬುದೇ ಮುಚ್ಚಿಹೋಗುತ್ತದೆ.

ಗೊಂದಲಕ್ಕೆ ಅರ್ಧ ಕಾರಣ ಹೆಸರುಗಳೇ. 'ಸೇನಾ ಮೆಡಲ್' ಎಂಬುದು 1960ರಲ್ಲಿ ಸ್ಥಾಪನೆಯಾದ, ಹೆಸರು ಹಿಡಿದು ಒಬ್ಬೊಬ್ಬರಿಗೆ ಕೊಡುವ ಪ್ರಶಸ್ತಿ. ನೌಕಾಪಡೆಯಲ್ಲಿ ಅದಕ್ಕೆ ಸಮನಾದದ್ದು ನೌಸೇನಾ ಮೆಡಲ್, ವಾಯುಪಡೆಯಲ್ಲಿ ವಾಯುಸೇನಾ ಮೆಡಲ್. 'ಸೈನ್ಯ ಸೇವಾ ಮೆಡಲ್' ಸಹ 1960ರದ್ದೇ, ಆದರೆ ಅದು ಕಠಿಣ ಹವಾಮಾನದ, ದುರ್ಗಮ ಪ್ರದೇಶದಲ್ಲಿ ನಿಗದಿತ ಅವಧಿ ಕಳೆದ ಎಲ್ಲರಿಗೂ ಸಿಗುವ ಸೇವಾ ಪದಕ. ಎರಡನ್ನೂ ಕನ್ನಡದಲ್ಲಿ 'ಸೇನಾ ಪದಕ' ಎಂದು ಬರೆದುಬಿಟ್ಟರೆ ಮುಗಿಯಿತು. ಇನ್ನೊಂದು ಜೋಡಿ ಇದಕ್ಕಿಂತ ಕಷ್ಟ: ವಿಶಿಷ್ಟ ಸೇವಾ ಮೆಡಲ್ ಮತ್ತು ವಿಶೇಷ ಸೇವಾ ಮೆಡಲ್. ಮೊದಲನೆಯದು ಆಯ್ಕೆಯಾದ ಕೆಲವರಿಗೆ ರಾಷ್ಟ್ರಪತಿಗಳು ಕೊಡುವ ಪ್ರಶಸ್ತಿ. ಅದರ ಮೇಲೆ ಅತಿ ವಿಶಿಷ್ಟ, ಪರಮ ವಿಶಿಷ್ಟ ಎಂಬ ಎರಡು ಮೆಟ್ಟಿಲುಗಳಿವೆ. ಎರಡನೆಯದು ಒಂದು ನಿರ್ದಿಷ್ಟ ಕಾರ್ಯಾಚರಣೆಯ ಪ್ರದೇಶದಲ್ಲಿದ್ದ ಎಲ್ಲರಿಗೂ ಸಿಗುವಂಥದ್ದು. 'ಷ್ಟ', 'ಷ' ಎರಡರ ನಡುವೆ ಇಷ್ಟು ದೂರ.

ಸೇನಾ ಮೆಡಲ್ ಎಂದೇ ಖಚಿತವಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅದರಲ್ಲಿ ಶೌರ್ಯಕ್ಕೆ ಕೊಡುವುದು, ಕರ್ತವ್ಯನಿಷ್ಠೆಗೆ ಕೊಡುವುದು ಎಂದು ಎರಡು ಬಗೆ. ಲೋಹ ಒಂದೇ, ರಿಬ್ಬನ್ ಒಂದೇ. ವ್ಯತ್ಯಾಸ ಇರುವುದು ಗೆಜೆಟ್ ಪ್ರಕಟಣೆಯಲ್ಲಿ. ಆದ್ದರಿಂದ ಪದಕ ನೋಡಿ ಹೇಳಲಾಗದು, ಪ್ರಕಟಣೆಯ ಪ್ರತಿ ಕೇಳಬೇಕು. ಹಣದ ಲೆಕ್ಕವೂ ಅದರ ಮೇಲೇ ನಿಂತಿದೆ. 2017ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಲ್ಲಿ ಪರಮವೀರ ಚಕ್ರಕ್ಕೆ ತಿಂಗಳಿಗೆ 20,000 ರೂಪಾಯಿ, ವೀರ ಚಕ್ರಕ್ಕೆ 7,000, ಶೌರ್ಯದ ಸೇನಾ ಮೆಡಲ್‌ಗೆ 2,000 ರೂಪಾಯಿ ಭತ್ಯೆ ಎಂದು ಕೇಂದ್ರ ಸರ್ಕಾರ ಗೊತ್ತುಮಾಡಿತು. ಸೇವಾ ಪದಕಗಳಿಗೆ ಇಂಥ ಭತ್ಯೆ ಇಲ್ಲ. ಪತ್ರಿಕೆಯ ಕತ್ತರಿಸಿದ ತುಂಡನ್ನು ಹಿಡಿದು ಒಂಬತ್ತು ವರ್ಷದ ಮೆಡಲ್‌ಗೆ ನಗದು ಗೌರವ ಕೇಳಲು ಹೋಗುವ ಮನೆಯವರನ್ನು ಕಚೇರಿಯವರು ಬರಿಗೈಯಲ್ಲಿ ಕಳಿಸಿದರೆ ಅದು ಅವರ ತಪ್ಪಲ್ಲ.

ಶೌರ್ಯ ಪದಕ, ಸೇವಾ ಪದಕ ಎರಡರ ನಡುವಿನ ಗೆರೆ ತೋರಿಸಲು ಕಾರವಾರಕ್ಕಿಂತ ಒಳ್ಳೆಯ ಊರು ಬೇಕಿಲ್ಲ. ಚೆಂಡಿಯಾದ ಮೇಜರ್ ರಾಮಾ ರಾಘೋಬಾ ರಾಣೆ, ಆಗ ಸೆಕೆಂಡ್ ಲೆಫ್ಟಿನೆಂಟ್, 1948ರ ಏಪ್ರಿಲ್ 8ರಿಂದ ನೌಶೇರಾ–ರಾಜೌರಿ ದಾರಿಯಲ್ಲಿ ಬಾಂಬೆ ಸ್ಯಾಪರ್ಸ್ ಎಂಬ ಸೇನಾ ಇಂಜಿನಿಯರ್ ದಳದ ತುಕಡಿಯೊಂದಿಗೆ ನೆಲಬಾಂಬು ತೆಗೆದು, ದಾರಿಗಡ್ಡ ಕೆಡವಿದ್ದ ಮರಗಳನ್ನು ಸರಿಸಿ, ಟ್ಯಾಂಕುಗಳಿಗೆ ದಾರಿ ಬಿಡಿಸಿದರು. ಮೊದಲ ದಿನವೇ ಮಾರ್ಟರ್ ಗುಂಡಿನಿಂದ ಗಾಯವಾಗಿತ್ತು. ಆ ನಾಲ್ಕು ದಿನ ಮಾಡಿದ್ದಕ್ಕೆ ಪರಮವೀರ ಚಕ್ರ. ಅದೇ ಕಾಶ್ಮೀರ ಯುದ್ಧದಲ್ಲಿ ಕೆಲಸ ಮಾಡಿದ ಉಳಿದ ಸಾವಿರಾರು ಮಂದಿಗಿರುವುದು ಜನರಲ್ ಸರ್ವಿಸ್ ಮೆಡಲ್ 1947, ಮೇಲೆ 'ಜಮ್ಮು ಕಾಶ್ಮೀರ' ಎಂದು ಬರೆದ ಕ್ಲಾಸ್ಪ್. ಒಂದು ಪದಕ ಏನು ಮಾಡಿದಿರಿ ಎಂದು ಕೇಳುತ್ತದೆ, ಇನ್ನೊಂದು ಎಲ್ಲಿದ್ದಿರಿ, ಯಾವಾಗ ಎಂದು ಕೇಳುತ್ತದೆ. ಒಬ್ಬರೇ ಎರಡಕ್ಕೂ ಅರ್ಹರಾಗಬಹುದು. ಒಂದರ ಬದಲು ಇನ್ನೊಂದು ಎಂದೇನಿಲ್ಲ.

ಕ್ಲಾಸ್ಪ್ ಎಂದರೆ ರಿಬ್ಬನ್ನಿನ ಮೇಲೆ ಅಡ್ಡಲಾಗಿ ಕೂರುವ ಸಣ್ಣ ಲೋಹದ ಪಟ್ಟಿ. ಇದರಲ್ಲೂ ಜನ ಎಡವುತ್ತಾರೆ. ಸೇವಾ ಪದಕದ ಕ್ಲಾಸ್ಪ್ ಜಾಗವನ್ನು ಅಥವಾ ಕಾರ್ಯಾಚರಣೆಯನ್ನು ಹೇಳುತ್ತದೆ. ಶೌರ್ಯ ಪದಕದ ಮೇಲಿನ ಪಟ್ಟಿಗೆ 'ಬಾರ್' ಎಂದು ಹೆಸರು, ಅದೇ ಪದಕ ಎರಡನೇ ಸಲ ಬಂತು ಎಂದು ಅರ್ಥ. ಒಬ್ಬರು ಮೊದಲು ರಾಜಸ್ಥಾನದ ಮರಳಿನಲ್ಲಿ, ಆಮೇಲೆ ಅಂಡಮಾನಿನಲ್ಲಿ ಅವಧಿ ಮುಗಿಸಿದರೆ ಸೈನ್ಯ ಸೇವಾ ಮೆಡಲ್ ಎರಡು ಸಿಗುವುದಿಲ್ಲ. ಒಂದೇ ಮೆಡಲ್, ಎರಡು ಕ್ಲಾಸ್ಪ್. 'ಎರಡನೆಯದು ಬರಲೇ ಇಲ್ಲ' ಎಂದು ಕಾಯುವವರು ಇದನ್ನು ಮೊದಲು ತಿಳಿದಿರಬೇಕು.

ತಾರೀಖಿನ ಬಿಗಿ ಎಷ್ಟೆಂದು ನೋಡಿ. 1965ರ ರಕ್ಷಾ ಮೆಡಲ್‌ಗೆ ಯುದ್ಧರಂಗದಲ್ಲಿ ಇರಬೇಕಿರಲಿಲ್ಲ. ಆ ವರ್ಷದ ಆಗಸ್ಟ್ 5ರಂದು ಸೇನೆಯ ಪಟ್ಟಿಯಲ್ಲಿ ಹೆಸರಿದ್ದು, ಅಷ್ಟರೊಳಗೆ 180 ದಿನದ ಸೇವೆ ತುಂಬಿದ್ದರೆ ಸಾಕು. ಅದೇ ಯುದ್ಧದ ಸಮರ ಸೇವಾ ಸ್ಟಾರ್‌ಗೆ ಕಾರ್ಯಾಚರಣೆಯ ಪ್ರದೇಶದಲ್ಲೇ ಇದ್ದಿರಬೇಕು. 1971ರದ್ದಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಎರಡು ರಂಗದವರಿಗೆ. ಇವು ಐದು ಮೂಲೆಯ ನಕ್ಷತ್ರಗಳು, ದುಂಡಗಿಲ್ಲ. ಸಂಗ್ರಾಮ ಮೆಡಲ್ 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರ ನಡುವೆ ಹೆಸರಿಸಿದ ರಾಜ್ಯಗಳಲ್ಲಿ ಸೇವೆಯಲ್ಲಿದ್ದವರಿಗೆ: ಜಮ್ಮು ಕಾಶ್ಮೀರ, ಪಂಜಾಬ್, ಗುಜರಾತ್, ರಾಜಸ್ಥಾನ, ಪಶ್ಚಿಮ ಬಂಗಾಳ, ಅಸ್ಸಾಂ ಮತ್ತು ಅದರಾಚೆಯ ಕೆಲವು. ಆ ಇಡೀ ವರ್ಷ ಬೆಂಗಳೂರಿನ ಸೆಂಟರಿನಲ್ಲಿ ತರಬೇತಿ ಕೊಡುತ್ತಿದ್ದವರ ಹೆಸರು ಅದರಲ್ಲಿ ಬರದಿದ್ದರೆ ಅನ್ಯಾಯವೆನಿಸಬಹುದು, ನಿಯಮ ಮಾತ್ರ ಹಾಗೇ ಇದೆ.

ಈ ಮಾತಿಗೇ ಸೇರಿದ್ದು ಇನ್ನೊಂದು. ಕಾರವಾರದ ಟಾಗೋರ್ ಬೀಚಿನಲ್ಲಿ ರಾಣೆಯವರ ಪ್ರತಿಮೆಯ ಬಳಿ ನಿಂತಿರುವ ಐಎನ್‌ಎಸ್ ಚಪಲ್ 1971ರ ಯುದ್ಧದಲ್ಲಿ ಹೋರಾಡಿದ ದೋಣಿ ಎಂದು ಪ್ರವಾಸಿಗರಿಗೆ ಹೇಳುವುದು ರೂಢಿಯಾಗಿಬಿಟ್ಟಿದೆ. ಅದು ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಕರಾಚಿಯ ಮೇಲೆ ಹೋದವು ಅದಕ್ಕಿಂತ ಹಿಂದಿನ ತಂಡದ ಕ್ಷಿಪಣಿ ದೋಣಿಗಳು. ಚಪಲ್‌ನ ಮೇಲೆ ಕೆಲಸ ಮಾಡಿದ ನಾವಿಕರ ಎದೆಯಲ್ಲಿ ಪಶ್ಚಿಮಿ ಸ್ಟಾರ್ ಇದ್ದರೆ ಅದು ಬೇರೆ ಹಡಗಿನಲ್ಲಿ ಅಥವಾ ಬೇರೆ ಕಡೆ ಗಳಿಸಿದ್ದು. ನಮ್ಮ ಸಮುದ್ರಕ್ಕೆ ನಿಜವಾಗಿಯೂ ಹತ್ತಿರದ ಕಾರ್ಯಾಚರಣೆ ಬೇಕೆಂದರೆ 1961ರ ಡಿಸೆಂಬರ್ 18 ಇದೆ: ಗೋವಾ ವಿಮೋಚನೆಯ ವೇಳೆ ಬಿಣಗಾದ ಎದುರಿಗೇ ಕಾಣುವ ಅಂಜದೀವ ದ್ವೀಪಕ್ಕೆ ನೌಕಾಪಡೆಯವರು ಇಳಿದದ್ದು, ಏಳು ಮಂದಿ ಅಲ್ಲಿ ಪ್ರಾಣ ಬಿಟ್ಟದ್ದು. ಆ ಕಾರ್ಯಾಚರಣೆಗೆ ಪ್ರತ್ಯೇಕ ಮೆಡಲ್ ಇಲ್ಲ. ಜನರಲ್ ಸರ್ವಿಸ್ ಮೆಡಲ್ 1947ರ ಮೇಲೆ 'ಗೋವಾ 1961' ಎಂಬ ಕ್ಲಾಸ್ಪ್. ಇಂಥದ್ದು ಮನೆಯ ಟ್ರಂಕಿನಲ್ಲಿ ಬಿದ್ದಿದ್ದರೆ ಹಳೆಯ ಬಿಲ್ಲೆ ಎಂದು ಎಸೆಯಬೇಡಿ.

ದೀರ್ಘ ಸೇವೆಯ ಮೆಡಲ್‌ಗಳು ಒಂಬತ್ತು, ಇಪ್ಪತ್ತು, ಮೂವತ್ತು ವರ್ಷಕ್ಕೆ ಒಂದೊಂದು. ಮೇಲಿನದು ಬಂದಾಗ ಕೆಳಗಿನದನ್ನು ತೆಗೆಯುವುದಿಲ್ಲ, ಎಲ್ಲವೂ ಸಾಲಿನಲ್ಲಿ ಉಳಿಯುತ್ತವೆ. ಕ್ಯಾಲೆಂಡರ್ ಪ್ರಕಾರ ಒಂಬತ್ತು ವರ್ಷ ಕಳೆದರೂ ಮೆಡಲ್ ತಡವಾಗುವುದು ಏಕೆಂದರೆ ರಜೆ ಮೀರಿ ಗೈರಾದ ದಿನಗಳು, ಶಿಕ್ಷೆಯಾಗಿ ಒಳಗಿದ್ದ ದಿನಗಳು ಲೆಕ್ಕದಿಂದ ಹೋಗುತ್ತವೆ. ಇವುಗಳ ಜೊತೆ ಬೆರೆಸಬಾರದ್ದು 'ದೀರ್ಘ ಸೇವೆ ಮತ್ತು ಸನ್ನಡತೆ'ಯ ಮೆಡಲ್, ಹವಾಲ್ದಾರ್ ದರ್ಜೆಯ ಮೆರಿಟೋರಿಯಸ್ ಸರ್ವಿಸ್ ಮೆಡಲ್. ಇವಕ್ಕೆ ವರ್ಷ ತುಂಬಿದರೆ ಸಾಲದು, ಆಯ್ಕೆಯೂ ಇದೆ. ದಾಖಲೆಯಲ್ಲಿ ಶಿಕ್ಷೆಯನ್ನು ತೋರಿಸುವ ಕೆಂಪು ಶಾಯಿಯ ನಮೂದು, ಸೇನೆಯವರ ಬಾಯಲ್ಲಿ 'ರೆಡ್ ಇಂಕ್ ಎಂಟ್ರಿ', ಇದ್ದವರಿಗೆ ಕಷ್ಟ. 2022ರಿಂದ ಅಗ್ನಿವೀರರಾಗಿ ಹೋಗುತ್ತಿರುವ ಹುಡುಗರ ಪೈಕಿ ನಾಲ್ಕು ವರ್ಷಕ್ಕೆ ಹೊರಬರುವವರಿಗೆ ಒಂಬತ್ತು ವರ್ಷದ ಮೆಡಲ್ ಹೇಗೂ ಸಿಗದು. ಆದರೆ ಎತ್ತರದ, ಗಡಿಯ ಪದಕಗಳ ಲೆಕ್ಕ ದಿನಗಳದ್ದು. ಅವರು ತಮ್ಮ ಪೋಸ್ಟಿಂಗಿನ ತಾರೀಖುಗಳನ್ನು ಮೊದಲ ದಿನದಿಂದಲೇ ಒಂದು ಡೈರಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಉಚ್ಚ ತುಂಗತಾ ಮೆಡಲ್‌ಗೆ 9,000 ಅಡಿ, ಅಂದರೆ ಸುಮಾರು 2,700 ಮೀಟರಿಗಿಂತ ಎತ್ತರದಲ್ಲಿ ಒಟ್ಟು 180 ದಿನ. 'ಒಟ್ಟು' ಎಂಬುದನ್ನು ಗಮನಿಸಿ. ಒಂದೇ ಪೋಸ್ಟಿಂಗಿನಲ್ಲಿ ಆಗಬೇಕೆಂದಿಲ್ಲ. ಮೊದಲ ಸಲ ನೂರು, ಐದು ವರ್ಷದ ಮೇಲೆ ಎಂಬತ್ತು ಆದರೂ ಸೇರಿಸಬಹುದು. ಲೆಕ್ಕ ತಪ್ಪುವುದೂ ಇಲ್ಲೇ. ಎರಡು ಬೇರೆ ಯೂನಿಟ್ಟುಗಳಲ್ಲಿದ್ದಾಗ ಒಂದು ಯೂನಿಟ್ಟಿನ ದಿನಗಳು ದಾಖಲೆಗೆ ಸೇರದೆ ಹೋದರೆ ನೂರರಲ್ಲೇ ನಿಂತುಬಿಡುತ್ತದೆ.

ಗಾಯದ ಪದಕದ ಬಗ್ಗೆಯೂ ಒಂದು ಮಾತು. ಬಿಳಿ ರಿಬ್ಬನ್ನಿನ ನಡುವೆ ಒಂದು ಕೆಂಪು ಗೆರೆ, ಇದು ಆ ಪದಕದ ಗುರುತು. 1973ರಲ್ಲಿ ಶುರುವಾದ ಇದು ಶತ್ರುವಿನ ನೇರ ಕ್ರಿಯೆಯಿಂದ ಆದ ಗಾಯಕ್ಕೆ ಮಾತ್ರ. ಕರ್ತವ್ಯದ ಮೇಲಿದ್ದಾಗ ಲಾರಿ ಉರುಳಿ ಕಾಲು ಮುರಿದರೆ, ಹಿಮದಲ್ಲಿ ಬೆರಳು ಕರಗಿದರೆ ಈ ಪದಕ ಬರುವುದಿಲ್ಲ. ಅವಕ್ಕೆ ಅಂಗವೈಕಲ್ಯ ಪಿಂಚಣಿಯ ದಾರಿ ಬೇರೆ ಇದೆ, ಹಣದ ದೃಷ್ಟಿಯಿಂದ ಅದೇ ದೊಡ್ಡದು. ಪದಕ ಇಲ್ಲ ಎಂದರೆ ಪಿಂಚಣಿಯೂ ಇಲ್ಲ ಎಂದು ತಿಳಿದು ಕೈಬಿಟ್ಟವರು ನಷ್ಟ ಮಾಡಿಕೊಂಡಂತೆಯೇ.

ಗಳಿಸಿಯೂ ಕೈಗೆ ಬಾರದ ಪದಕಗಳ ವಿಷಯಕ್ಕೆ ಬರೋಣ. ಭೂಸೇನೆಯಲ್ಲಿ ಒಬ್ಬ ಸೈನಿಕನ ಬದುಕಿನ ಪ್ರತಿಯೊಂದು ಬದಲಾವಣೆಯೂ 'ಪಾರ್ಟ್ ಟೂ ಆರ್ಡರ್' ಎಂಬ ಕಾಗದದ ಮೂಲಕ ರೆಕಾರ್ಡ್ ಆಫೀಸಿಗೆ ಹೋಗುತ್ತದೆ: ಮದುವೆ, ಮಗು, ರಜೆ, ವರ್ಗ, ಪದಕ. ಯೂನಿಟ್ಟಿನ ಗುಮಾಸ್ತರು ಅದನ್ನು ಪ್ರಕಟಿಸದಿದ್ದರೆ ನೀವು ಸಿಯಾಚಿನ್‌ನಲ್ಲಿ ಇದ್ದಿರಿ ಎಂಬುದು ನಿಮ್ಮ ಶ್ವಾಸಕೋಶಕ್ಕೆ ಮಾತ್ರ ಗೊತ್ತು, ದಾಖಲೆಗೆ ಗೊತ್ತಿರುವುದಿಲ್ಲ. ಯೂನಿಟ್ ಒಂದು ಜಾಗದಿಂದ ಇನ್ನೊಂದಕ್ಕೆ ಹೊರಡುವ ಗಡಿಬಿಡಿಯಲ್ಲೇ ಇಂಥವು ಹೆಚ್ಚು ತಪ್ಪಿಹೋಗುತ್ತವೆ. ಹೀಗಾಗಿ ಮೊದಲ ಕೆಲಸ ನಿವೃತ್ತಿಯ ವೇಳೆ ಕೊಡುವ ಸೇವಾ ದಾಖಲೆಯ ಪುಸ್ತಕವಾದ ಡಿಸ್ಚಾರ್ಜ್ ಬುಕ್ ತೆಗೆದು ಪದಕಗಳ ಪುಟವನ್ನು ಓದುವುದು. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಎಲ್ಲೆಲ್ಲಿ, ಎಂದಿನಿಂದ ಎಂದಿನವರೆಗೆ ಎಂದು ಬರೆಯಿರಿ. ಬುಕ್ಕಿನಲ್ಲಿ ನಮೂದಾಗಿದ್ದು ಲೋಹ ಕೈಗೆ ಬಂದಿಲ್ಲ ಎಂದರೆ ಕೆಲಸ ಸುಲಭ. ನಮೂದೇ ಇಲ್ಲ ಎಂದರೆ ಅರ್ಜಿಯಲ್ಲಿ ಯೂನಿಟ್, ಜಾಗ, ತಾರೀಖು ಮೂರನ್ನೂ ಕೊಡಬೇಕು. 'ನನಗೆ ಬರಬೇಕಾದ ಮೆಡಲ್ ಕೊಡಿ' ಎಂದು ಬರೆದ ಅರ್ಜಿಗೆ 'ದಾಖಲೆ ಪ್ರಕಾರ ಬಾಕಿ ಇಲ್ಲ' ಎಂಬ ಒಂದು ಸಾಲಿನ ಉತ್ತರ ಬಂದರೆ ಅಚ್ಚರಿಪಡಬಾರದು.

ಅರ್ಜಿ ಹೋಗಬೇಕಾದದ್ದು ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಬಾಂಬೆ ಇಂಜಿನಿಯರ್ಸಿನವರಿಗೆ ಪುಣೆಯ ಖಡಕಿ, ಮದ್ರಾಸ್ ಇಂಜಿನಿಯರ್ಸ್ ಮತ್ತು ಎಎಸ್‌ಸಿ, ಅಂದರೆ ಸೇನೆಯ ಸರಬರಾಜು ದಳದವರಿಗೆ ಬೆಂಗಳೂರು. ನೌಕಾಪಡೆಯ ನಾವಿಕರ ದಾಖಲೆ ಮುಂಬೈ ಮಾನಖುರ್ದಿನ ಚೀತಾ ಕ್ಯಾಂಪಿನಲ್ಲಿರುವ ಬ್ಯೂರೋ ಆಫ್ ಸೇಲರ್ಸ್‌ನಲ್ಲಿ. ಅರ್ಗಾದ ಕದಂಬ ನೌಕಾನೆಲೆಯ ಗೇಟಿಗೆ ಬಂದು ಕೇಳಿದರೆ ಪ್ರಯೋಜನವಿಲ್ಲ, ಅಲ್ಲಿ ಹಳೆಯ ನಾವಿಕರ ಕಡತ ಇರುವುದಿಲ್ಲ. ಸರ್ವಿಸ್ ನಂಬರ್, ಪಿಪಿಒ (ಪಿಂಚಣಿ ಆದೇಶದ) ನಂಬರ್, ಡಿಸ್ಚಾರ್ಜ್ ಬುಕ್ಕಿನ ಸಂಬಂಧಪಟ್ಟ ಪುಟಗಳ ನಕಲು ಸೇರಿಸಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಮೂಲ ಬುಕ್ಕನ್ನು ಮಾತ್ರ ಯಾರಿಗೂ ಕಳಿಸಬೇಡಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ, 30 ದಿನದೊಳಗೆ ಹೇಳಲೇಬೇಕು. ಅದರಲ್ಲೂ ಪ್ರಶ್ನೆ ನೇರವಾಗಿರಲಿ: ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗಿನ ನನ್ನ ಸೇವೆಗೆ ಯಾವ ಪಾರ್ಟ್ ಟೂ ಆರ್ಡರ್ ಪ್ರಕಟವಾಗಿದೆ, ಅದರ ಪ್ರತಿ ಕೊಡಿ. ಸೈನಿಕ ತೀರಿಕೊಂಡಿದ್ದರೆ ಹೆಂಡತಿ ಅಥವಾ ವಾರಸುದಾರರು ಮರಣ ಪ್ರಮಾಣಪತ್ರ ಮತ್ತು ಸಂಬಂಧದ ದಾಖಲೆಯೊಂದಿಗೆ ಬರೆಯಬೇಕು.

ನಮ್ಮ ಜಿಲ್ಲೆಯವರಿಗೆ ಹೆಸರಿನದೇ ಒಂದು ವಿಶೇಷ ತೊಂದರೆ. 'ನಾಯ್ಕ', 'ನಾಯಕ' ನಮ್ಮಲ್ಲಿ ಮನೆತನದ ಹೆಸರು. ಸೇನೆಯಲ್ಲಿ 'ನಾಯಕ್' ಎಂಬುದು ಒಂದು ದರ್ಜೆ. ಹವಾಲ್ದಾರರಾಗಿ ನಿವೃತ್ತರಾದ ನಾಯ್ಕರ ಅರ್ಜಿಯಲ್ಲಿ ಕೊನೆಯ ಪದವನ್ನು ದರ್ಜೆ ಎಂದು ಓದಿ, ಉಳಿದ ಹೆಸರಿಗೆ ಕಡತ ಹುಡುಕಿ, ಸಿಗಲಿಲ್ಲ ಎಂದು ಹಿಂದಕ್ಕೆ ಕಳಿಸುವುದು ಆಗದ ಮಾತೇನಲ್ಲ. ಗೌಡ ಎಂಬುದಕ್ಕೆ ಇಂಗ್ಲಿಷಿನಲ್ಲಿ ಮೂರು ಕಾಗುಣಿತ, ಊರಿನ ಹೆಸರು ಇನಿಷಿಯಲ್ ಆದದ್ದು, ಆಧಾರ್‌ನಲ್ಲಿ ಬಿಚ್ಚಿಕೊಂಡದ್ದು. ಅರ್ಜಿಯಲ್ಲಿ ಡಿಸ್ಚಾರ್ಜ್ ಬುಕ್ಕಿನಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ಬರೆಯಿರಿ, ತಪ್ಪಿದ್ದರೂ ಹಾಗೇ. ಎಲ್ಲಕ್ಕಿಂತ ಮೇಲೆ ಸರ್ವಿಸ್ ನಂಬರ್ ಇರಲಿ.

ಆ ನಂಬರ್ ಪದಕದ ಮೇಲೂ ಇರುತ್ತದೆ, ಮುಖದಲ್ಲಲ್ಲ, ಅಂಚಿನಲ್ಲಿ. ನಾಣ್ಯದ ಅಂಚಿನಂತೆ ಮೂರು ಮಿಲಿಮೀಟರಿನಷ್ಟು ದಪ್ಪ ಇರುವಲ್ಲಿ ನಂಬರ್, ದರ್ಜೆ, ಹೆಸರು, ರೆಜಿಮೆಂಟ್ ಸಣ್ಣ ಅಕ್ಷರದಲ್ಲಿ ಸುತ್ತಿಕೊಂಡಿರುತ್ತವೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಅಕ್ಷರ ಏಳುತ್ತದೆ. ವಯಸ್ಸಾದ ಕಣ್ಣಿಗೆ ಭೂತಗನ್ನಡಿ ಬೇಕಾದೀತು. ಅಂಚು ನುಣ್ಣಗಿದ್ದರೆ ಅದು ಅಂಗಡಿಯಲ್ಲಿ ಕೊಂಡ ಕಾಪಿ ಆಗಿರುವುದೇ ಹೆಚ್ಚು. ಅಸಲನ್ನು ಮನೆಯಲ್ಲಿಟ್ಟು ಕಾಪಿ ತೊಡುವುದು ತಪ್ಪಲ್ಲ, ಹಲವರು ಹಾಗೇ ಮಾಡುತ್ತಾರೆ. ಗಳಿಸದ್ದನ್ನು ತೊಟ್ಟು ಸೈನಿಕನೆಂದು ನಂಬಿಸುವುದು ಬೇರೆ ಮಾತು. ಸೈನಿಕರ ಉಡುಪು, ಗುರುತು ಹಾಕಿಕೊಂಡು ಹಾಗೆ ನಂಬಿಸುವವರಿಗೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂನಲ್ಲಿ ಮೂರು ತಿಂಗಳವರೆಗೆ ಜೈಲು ಇದೆ.

ಅಂಚಿನ ಅಕ್ಷರ ಅಳಿಸಿಹೋಗುವುದು ಹೆಚ್ಚಾಗಿ ಪ್ರೀತಿಯಿಂದಲೇ. ಆಗಸ್ಟ್ 15ರ ಹಿಂದಿನ ದಿನ ಹುಣಸೆಹುಳಿ, ಬೂದಿ, ಬ್ರಾಸೋ ಹಾಕಿ ಉಜ್ಜುತ್ತಾರೆ. ಹಿತ್ತಾಳೆ ಚೊಂಬಿಗೆ ಅದು ಸರಿ. ಪದಕದ ಹೊಳಪಿನ ಜೊತೆ ಪ್ರತಿ ವರ್ಷ ಒಂದು ಪದರ ಅಕ್ಷರವೂ ಹೋಗುತ್ತದೆ, ಹುಳಿ ರಿಬ್ಬನ್ನಿಗೆ ತಾಗಿದರೆ ಬಣ್ಣ ಇಳಿಯುತ್ತದೆ. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಸಮುದ್ರದ ಉಪ್ಪುಗಾಳಿಗೆ ಕಂಚಿನ ನಕ್ಷತ್ರಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಮಳೆಗಾಲದಲ್ಲಿ ರಿಬ್ಬನ್ನಿಗೆ ಬೂಷ್ಟು. ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಟ್ಟರೆ ಒಳಗಿನ ತೇವ ಅಲ್ಲೇ ನಿಂತು ಇನ್ನೂ ಕೆಡುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೂ ಬೇರೆ ಬೇರೆ ಸುತ್ತಿ, ಡಬ್ಬಿಯಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಿಸಿಲು ಬಿದ್ದ ದಿನ ಒಮ್ಮೆ ನೆರಳಿನಲ್ಲಿ ಹರಡಿ. ರಿಬ್ಬನ್ 32 ಮಿಲಿಮೀಟರ್ ಅಗಲದ್ದು, ಹಾಳಾದರೆ ಹೊಸದು ಸಿಗುತ್ತದೆ. ಅಂಚಿನ ಹೆಸರು ಹೋದರೆ ಹೋಯಿತು.

2019ರ ಆಗಸ್ಟ್ ಮತ್ತು 2021ರ ಜುಲೈ ನೆರೆಯಲ್ಲಿ ಕಾಳಿ, ಗಂಗಾವಳಿ ದಂಡೆಯ ಮನೆಗಳಿಗೆ ನೀರು ನುಗ್ಗಿದಾಗ ಟ್ರಂಕು ಸಮೇತ ಪದಕ ಕಳಕೊಂಡವರಿದ್ದರೆ ಅವರಿಗೂ ದಾರಿ ಇದೆ. ಪೊಲೀಸ್ ಠಾಣೆಯಲ್ಲಿ ಕೊಟ್ಟ ದೂರಿನ ಪ್ರತಿ, ಅಫಿಡವಿಟ್, ಡಿಸ್ಚಾರ್ಜ್ ಬುಕ್ಕಿನ ಪದಕಗಳ ಪುಟ, ಇವನ್ನು ಅದೇ ರೆಕಾರ್ಡ್ ಆಫೀಸಿಗೆ ಕಳಿಸಿ ಬದಲಿ ಕೇಳಬಹುದು. ಕಾರಣವನ್ನು ಬಿಡಿಸಿ ಬರೆಯಬೇಕು. 'ಕಳೆದುಹೋಗಿದೆ' ಎಂದಷ್ಟೇ ಬರೆದರೆ ಅಜಾಗರೂಕತೆ ಎಂದು ತಿಳಿದು ಹಣ ಕಟ್ಟಲು ಹೇಳಬಹುದು. 'ಇಂಥ ದಿನ ನೆರೆಯಲ್ಲಿ ಮನೆ ಮುಳುಗಿತು' ಎಂದು ಬರೆದು, ಕಂದಾಯ ಇಲಾಖೆಯವರು ಹಾನಿಯ ಪಂಚನಾಮೆ ಮಾಡಿದ್ದರೆ ಅದರ ನಕಲನ್ನೂ ಲಗತ್ತಿಸಿ.

— ನಿವೃತ್ತ ಸುಬೇದಾರ್ (ಕ್ಲರ್ಕ್), ಅಂಕೋಲಾ